ಅಳತೆಯೇ ಇಲ್ಲದ ಹಳ್ಳ, ಅಲ್ಲಲ್ಲಿ ಖಾಲಿಯಿರುವ ಮಳೆ ರಿಜಿಸ್ಟರ್: ಕೆರೆಗೆ ಬರುವ ನೀರಿನ ಲೆಕ್ಕ ಹಾಕುವುದು ಹೇಗೆ?

ವೇದಾವತಿ ಬಯಲು:

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗ ಜಿಲ್ಲೆಯ ಒಂದು ಹಳೆಯ ಕೆರೆಯ ಪುನಶ್ಚೇತನಕ್ಕೆ ವಿಸ್ತೃತ ಯೋಜನಾ ವರದಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೂಳು ಎಷ್ಟು ತೆಗೆಯಬೇಕು, ಕೋಡಿಯನ್ನು ಎತ್ತರಿಸಬೇಕೇ ಬೇಡವೇ, ಅಚ್ಚುಕಟ್ಟಿನಲ್ಲಿ ಎಷ್ಟು ಎಕರೆಗೆ ನೀರು ಕೊಡುತ್ತೇವೆಂದು ಬರೆದುಕೊಡಬಹುದು ಎಂಬ ಮೂರೂ ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಅಂಕಿಯ ಮೇಲೆ: ವರ್ಷಕ್ಕೆ ಆ ಕೆರೆಗೆ ಎಷ್ಟು ನೀರು ಬರುತ್ತದೆ. ಕೆರೆಗೆ ನೀರು ತರುವುದು ಒಂದೇ ಹಳ್ಳ. ಅದರ ಜಲಾನಯನ ಪ್ರದೇಶ ಸುಮಾರು 18 ಚದರ ಕಿಲೋಮೀಟರ್. ಆ ಹಳ್ಳದ ಹರಿವನ್ನು ಇದುವರೆಗೆ ಯಾರೂ ಅಳೆದಿಲ್ಲ. ಹೀಗಾಗಿ ಮಳೆಯಿಂದಲೇ ಹರಿವನ್ನು ಅಂದಾಜು ಮಾಡಬೇಕು, ಆದರೆ ಮಳೆಯ ದಾಖಲೆಯೂ ನೆಟ್ಟಗಿಲ್ಲ.

ಹತ್ತಿರದ ಹಳೆಯ ಮಳೆಮಾಪಕ 14 ಕಿಲೋಮೀಟರ್ ದೂರದ ಒಂದು ಕಚೇರಿಯ ಆವರಣದಲ್ಲಿದೆ. 30 ವರ್ಷಗಳ ರಿಜಿಸ್ಟರ್ ಸಿಕ್ಕಿತು ಎಂದು ಮೊದಲು ಸಂತೋಷಪಟ್ಟೆ. ಬಿಡಿಸಿ ನೋಡಿದರೆ 7 ವರ್ಷಗಳಲ್ಲಿ ಮಳೆಗಾಲದ ಕನಿಷ್ಠ ಒಂದು ತಿಂಗಳ ದಾಖಲೆಯೇ ಇಲ್ಲ. ಉಳಿದ ವರ್ಷಗಳಲ್ಲಿ ಕೆಲವು ಕಡೆ ಸೊನ್ನೆ ಬರೆದಿದ್ದಾರೆ, ಕೆಲವು ಕಡೆ ಅಡ್ಡಗೆರೆ ಎಳೆದಿದ್ದಾರೆ, ಕೆಲವು ಕಡೆ ಏನೂ ಬರೆದಿಲ್ಲ. ಅಡ್ಡಗೆರೆಗೆ ಮಳೆ ಬರಲಿಲ್ಲವೆಂದು ಅರ್ಥವೋ, ಯಾರೂ ಹೋಗಿ ನೋಡಲಿಲ್ಲವೆಂದು ಅರ್ಥವೋ ತಿಳಿಯುತ್ತಿಲ್ಲ. ಒಂದು ಅಕ್ಟೋಬರ್ ಪುಟವನ್ನಂತೂ ಗೆದ್ದಲು ತಿಂದಿದೆ. ನಮ್ಮ ಸೀಮೆಯಲ್ಲಿ ಕೆರೆ ತುಂಬುವುದೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆಯಲ್ಲಿ.

ಅಕ್ಕಪಕ್ಕದ ಮೂರು ಕೇಂದ್ರಗಳ ಸರಾಸರಿಯಿಂದ ಖಾಲಿ ಜಾಗಗಳನ್ನು ತುಂಬಿ, ಮಳೆಗೆ ಎಷ್ಟು ಹರಿವು ಎಂದು ಹೇಳುವ ಸ್ಟ್ರೇಂಜ್ ಕೋಷ್ಟಕ ಹಚ್ಚಿ, ಶೇ 75ರ ಅವಲಂಬನೆಯ ಇಳುವರಿ (ನಾಲ್ಕರಲ್ಲಿ ಮೂರು ವರ್ಷವಾದರೂ ಸಿಗುವಷ್ಟು ನೀರು) ತೆಗೆದುಬಿಡಿ, ಒಂದು ದಿನದ ಕೆಲಸ ಎಂದು ಮೇಲಿನವರು ಹೇಳುತ್ತಾರೆ. ಹಾಗೆ ಮಾಡಿದರೆ ವರದಿಯೇನೋ ಮುಗಿಯುತ್ತದೆ. ಆದರೆ ನಾನೇ ತುಂಬಿದ ಅಂಕಿಗಳನ್ನು ಅಳೆದ ಅಂಕಿಗಳ ಸಾಲಿನಲ್ಲಿ ಕೂರಿಸಿ, ಅದರ ಮೇಲೆ ರೈತರಿಗೆ ಎಕರೆಗಳ ಭರವಸೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಇಂತಹ ಸ್ಥಿತಿಯಲ್ಲಿ ಅನುಭವಸ್ಥರು ಏನು ಮಾಡುತ್ತೀರಿ?

ಹಳೇ ಲೆವೆಲ್‌ಬುಕ್:

ಸಣ್ಣ ನೀರಾವರಿಯಲ್ಲಿ ಮೂರು ದಶಕ ಕಳೆದು ನಿವೃತ್ತನಾದವನು ನಾನು. ನಿಮ್ಮ ರಿಜಿಸ್ಟರಿನ ವರ್ಣನೆ ಓದಿದಾಗ ಬಹುಕಾಲದ ಪರಿಚಯದವರನ್ನು ಕಂಡಂತಾಯಿತು.

ಖಾಲಿ ಜಾಗಗಳನ್ನು ತುಂಬುವ ಮೊದಲು ತುಂಬಿರುವ ಜಾಗಗಳನ್ನು ಪರೀಕ್ಷಿಸಿ. ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆದು ಹಿಂದಿನ 24 ಗಂಟೆಗಳ ಲೆಕ್ಕಕ್ಕೆ ಬರೆಯುವುದು ಪದ್ಧತಿ. ಮಾಪಕ ಕಚೇರಿಯ ಆವರಣದಲ್ಲಿದ್ದರೆ ಭಾನುವಾರ ಅಳೆಯುವವರು ಯಾರು? ಸೋಮವಾರಗಳ ಅಂಕಿಗಳನ್ನೆಲ್ಲ ಬೇರೆ ತೆಗೆದು ಕೂಡಿ, ವಾರದ ಉಳಿದ ದಿನಗಳೊಡನೆ ಹೋಲಿಸಿ ನೋಡಿ. ಭಾನುವಾರಗಳಲ್ಲಿ ಬರೀ ಸೊನ್ನೆಯಿದ್ದು ಸೋಮವಾರದ ಮೊತ್ತ ಉಳಿದ ದಿನಗಳ ಸರಾಸರಿಯ ಸುಮಾರು ಎರಡರಷ್ಟಿದ್ದರೆ, ಎರಡು ದಿನಗಳ ಮಳೆಯನ್ನು ಒಂದೇ ದಿನಕ್ಕೆ ಬರೆದಿದ್ದಾರೆ ಎಂದು ತಿಳಿಯಬೇಕು. ಮೋಡಕ್ಕೆ ವಾರದ ರಜೆ ಇಲ್ಲವಲ್ಲ. ತಿಂಗಳ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ದಿನದ ಮಳೆಯಿಂದ ಹರಿವು ಲೆಕ್ಕ ಹಾಕುವಾಗ ಇಲ್ಲದ ದೊಡ್ಡ ಮಳೆಯೊಂದು ಹುಟ್ಟಿಕೊಳ್ಳುತ್ತದೆ. ಅಡ್ಡಗೆರೆಯ ಅರ್ಥವನ್ನೂ ಹೀಗೆಯೇ ಹಿಡಿಯಬಹುದು: ಸುತ್ತಲಿನ ಮೂರೂ ಕೇಂದ್ರಗಳಲ್ಲಿ ಜೋರು ಮಳೆಯಾದ ದಿನಗಳಲ್ಲಿ ಇಲ್ಲಿ ಅಡ್ಡಗೆರೆಗಳೇ ಇದ್ದರೆ, ಆ ಗುಮಾಸ್ತರ ಕಾಲದಲ್ಲಿ ಅದರ ಅರ್ಥ ‘ನೋಡಿಲ್ಲ’ ಎಂದೇ.

ಬಳಿಕ ಡಬಲ್ ಮಾಸ್ ಕರ್ವ್ ಎಳೆಯಿರಿ, ಎಂದರೆ ಒಂದು ಅಕ್ಷದಲ್ಲಿ ನಿಮ್ಮ ಕೇಂದ್ರದ ವರ್ಷವರ್ಷದ ಮಳೆಯನ್ನು ಕೂಡುತ್ತಾ ಹೋಗಿ, ಇನ್ನೊಂದರಲ್ಲಿ ನೆರೆಯ ಕೇಂದ್ರಗಳ ಸರಾಸರಿಯನ್ನು ಕೂಡುತ್ತಾ ಹೋಗಿ. ಗೆರೆ ನೇರವಾಗಿ ಸಾಗಬೇಕು. ನಡುವೆ ಒಂದು ವರ್ಷ ಬಾಗಿ ಬೇರೆ ದಾರಿ ಹಿಡಿದರೆ ಆ ವರ್ಷ ಮಾಪಕವನ್ನು ಬೇರೆಡೆ ಇಟ್ಟಿರಬಹುದು, ಇಲ್ಲವೇ ಪಕ್ಕದಲ್ಲಿ ಕಟ್ಟಡವೋ ಮರವೋ ಎದ್ದಿರಬಹುದು. ಅಡ್ಡಿಯ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕೆಂಬ ನಿಯಮವಿದೆ. ಬೇವಿನ ಮರದ ನೆರಳಿನಲ್ಲೇ ಇದ್ದ ಮಾಪಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಹೋಗಿ ನೋಡಿ ಬನ್ನಿ.

ತುಂಬುವ ವಿಧಾನದ ವಿಷಯಕ್ಕೆ ಬಂದರೆ, ನೆರೆಯ ಕೇಂದ್ರಗಳ ವಾರ್ಷಿಕ ವಾಡಿಕೆ ಮಳೆ ನಿಮ್ಮದಕ್ಕಿಂತ ಶೇ 10ರೊಳಗೆ ಹೆಚ್ಚುಕಡಿಮೆಯಿದ್ದರೆ ಮಾತ್ರ ಸಾದಾ ಸರಾಸರಿ ಸಲ್ಲುತ್ತದೆ. ಅದನ್ನು ಮೀರಿದರೆ ಪ್ರತಿ ಕೇಂದ್ರದ ಮಳೆಯನ್ನೂ ವಾಡಿಕೆಗಳ ಅನುಪಾತದಿಂದ ಗುಣಿಸಿ ಆಮೇಲೆ ಸರಾಸರಿ ತೆಗೆಯಬೇಕು. ಇದು ತಿಂಗಳ ಅಥವಾ ವರ್ಷದ ಮೊತ್ತಕ್ಕೆ ನಡೆಯುವ ವಿಧಾನ. ದಿನದ ಮಳೆಗೆ ಇದನ್ನು ಬಳಸಬೇಡಿ.

ಸ್ಟ್ರೇಂಜ್ ಕೋಷ್ಟಕವನ್ನು ನಾನು ಹೀಗಳೆಯುವುದಿಲ್ಲ. ಡಬ್ಲ್ಯು.ಎಲ್. ಸ್ಟ್ರೇಂಜ್ ಅದನ್ನು 1892ರಲ್ಲಿ ಈಗಿನ ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿಸೀಮೆಯ ಅಳತೆಗಳಿಂದ ತಯಾರಿಸಿದರು. ಜಲಾನಯನವನ್ನು ಉತ್ತಮ, ಮಧ್ಯಮ, ಕನಿಷ್ಠ ಎಂದು ಮೂರಾಗಿ ವಿಂಗಡಿಸಿ ಮುಂಗಾರಿನ ಒಟ್ಟು ಮಳೆಗೆ ಶೇಕಡಾ ಎಷ್ಟು ನೀರು ಹರಿದು ಬರುತ್ತದೆಂದು ಹೇಳಿದರು. ಅಂದಿನ ಜಲಾನಯನಗಳಲ್ಲಿ ಪ್ರತಿ ಹೊಲಕ್ಕೂ ಬದು ಇರಲಿಲ್ಲ, ಕೃಷಿಹೊಂಡ ಇರಲಿಲ್ಲ, ಹಳ್ಳಕ್ಕೆ ಫರ್ಲಾಂಗಿಗೊಂದು ಚೆಕ್‌ಡ್ಯಾಂ ಇರಲಿಲ್ಲ. ಇಂದಿನ ಹಳ್ಳಕ್ಕೆ ಅದನ್ನು ಹಚ್ಚಿದರೆ ಬರುವ ಉತ್ತರ 1892ರ ಹಳ್ಳಕ್ಕೆ ಸರಿಹೋದೀತು.

ಜಲಲೆಕ್ಕ:

ಮೇಲಿನವರ ಮಾತಿಗೆ ಪೂರಕವಾಗಿ, ದಿನದ ಮಳೆಯನ್ನು ಸರಾಸರಿಯಿಂದ ಏಕೆ ತುಂಬಬಾರದು ಎಂಬುದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ನಿಮ್ಮ ಜಲಾನಯನಕ್ಕೆ ಕರ್ವ್ ನಂಬರ್ (ನೆಲ ಎಷ್ಟು ಸುಲಭವಾಗಿ ನೀರು ಹರಿಯಬಿಡುತ್ತದೆ ಎಂಬುದರ ಸೂಚ್ಯಂಕ, ಹೆಚ್ಚಿದ್ದಷ್ಟೂ ಹರಿವು ಹೆಚ್ಚು) 75 ಎಂದು ಇಟ್ಟುಕೊಳ್ಳೋಣ. ಆಗ ಮಣ್ಣು ಹಿಡಿದಿಡಬಲ್ಲ ಗರಿಷ್ಠ ನೀರು ಸುಮಾರು 84.7 ಮಿ.ಮೀ, ಅದರ ಹತ್ತರಲ್ಲಿ ಮೂರು ಪಾಲು, ಅಂದರೆ 25.4 ಮಿ.ಮೀ, ಆರಂಭದಲ್ಲೇ ಇಂಗಿಹೋಗುತ್ತದೆ. ಒಂದೇ ದಿನ 60 ಮಿ.ಮೀ ಮಳೆ ಸುರಿದರೆ ಸೂತ್ರದ ಪ್ರಕಾರ ಸುಮಾರು 10 ಮಿ.ಮೀ ಹರಿದು ಬರುತ್ತದೆ. 18 ಚದರ ಕಿಲೋಮೀಟರಿಗೆ ಅದು 1.8 ಲಕ್ಷ ಘನ ಮೀಟರ್, ನಮ್ಮ ಇಲಾಖೆಗಳ ಭಾಷೆಯಲ್ಲಿ 6.4 ಎಂಸಿಎಫ್‌ಟಿ (ದಶಲಕ್ಷ ಘನ ಅಡಿ). ಅದೇ 60 ಮಿ.ಮೀ ಮಳೆಯನ್ನು ಮೂರು ಕೇಂದ್ರಗಳ ಸರಾಸರಿ ಎಂಬ ಜರಡಿಯಲ್ಲಿ ಹಾಯಿಸಿ ಮೂರು ದಿನಕ್ಕೆ 20 ಮಿ.ಮೀನಂತೆ ಹಂಚಿದರೆ ಹರಿವು ಸೊನ್ನೆ, ಏಕೆಂದರೆ ಯಾವ ದಿನವೂ 25.4ರ ಗಡಿ ದಾಟುವುದಿಲ್ಲ. ತಿಂಗಳ ಮೊತ್ತ ಒಂದೇ, ರಿಜಿಸ್ಟರ್ ನೋಡಲು ತುಂಬಿಕೊಂಡಿದೆ, ಆದರೆ ಕಾಗದದ ಮೇಲೆ ಕೆರೆ ಒಣಗಿದೆ. ಬಯಲುಸೀಮೆಯ ಕೆರೆಗಳು ವರ್ಷಕ್ಕೆ ನಾಲ್ಕೈದು ಜೋರು ಮಳೆಗಳಿಂದ ತುಂಬುವಂಥವು. ಸರಾಸರಿ ಮೊದಲು ಅಳಿಸುವುದು ಆ ನಾಲ್ಕೈದನ್ನೇ.

ವಾರ್ಷಿಕ ಲೆಕ್ಕದಲ್ಲಿ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. 30 ವರ್ಷಗಳ ಇಳುವರಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಶೇ 75ರ ಅವಲಂಬನೆಯ ಅಂಕಿ 23ನೇ ಸ್ಥಾನದ ಆಸುಪಾಸಿನಲ್ಲಿ ಸಿಗುತ್ತದೆ. ಬಿಟ್ಟುಹೋದ 7 ವರ್ಷಗಳನ್ನು ಸರಾಸರಿಯಿಂದ ತುಂಬಿದರೆ ಆ ಏಳೂ ಪಟ್ಟಿಯ ನಡುವೆ ಬಂದು ಕೂರುತ್ತವೆ. ಅವುಗಳಲ್ಲಿ ಎರಡು ಮೂರು ನಿಜಕ್ಕೂ ಬರಗಾಲದ ವರ್ಷಗಳಾಗಿದ್ದರೆ, ಪಟ್ಟಿಯ ಬುಡದಲ್ಲಿ ಇರಬೇಕಾದವು ಮೇಲೇರಿ ಶೇ 75ರ ಅಂಕಿಯನ್ನು ಇಲ್ಲದಷ್ಟು ಮೇಲಕ್ಕೆತ್ತುತ್ತವೆ. ಹಾಗಾಗಿ ಎಷ್ಟು ಬಿಟ್ಟುಹೋಗಿದೆ ಎಂಬುದಕ್ಕಿಂತ ಮೊದಲು ಯಾವಾಗ ಬಿಟ್ಟುಹೋಗಿದೆ ಎಂದು ಕೇಳಿಕೊಳ್ಳಿ. ದಾಖಲೆ ತಪ್ಪುವುದು ಕಣ್ಣುಮುಚ್ಚಿ ಚೀಟಿ ಎತ್ತಿದಂತೆ ಅಲ್ಲ. ನದಿಯ ಮಟ್ಟ ತೋರಿಸುವ ಅಳತೆಗಂಬ ಕೊಚ್ಚಿಹೋಗುವುದು ದೊಡ್ಡ ಪ್ರವಾಹದ ದಿನವೇ. ಅಳೆಯುವ ಸಿಬ್ಬಂದಿ ಸೇತುವೆ ದಾಟಲಾಗದೆ ನಿಲ್ಲುವುದೂ ಅದೇ ದಿನ. ತಾನೇ ಅಳೆದು ದೂರಕ್ಕೆ ಅಂಕಿ ಕಳಿಸುವ ಟೆಲಿಮೆಟ್ರಿಕ್ ಮಾಪಕದ ಆಲಿಕೆಯಲ್ಲಿ ಎಲೆ, ಇರುವೆಗೂಡು ಸಿಕ್ಕಿಕೊಂಡರೆ ಜೋರು ಮಳೆ ಒಳಗೆ ನಿಂತು, ಮಳೆ ಬಿಟ್ಟ ಮೇಲೆ ಗಂಟೆಗಟ್ಟಲೆ ತುಂತುರು ಬಂದಂತೆ ಅಂಕಿಗಳು ಇಳಿಯುತ್ತಾ ಹೋಗುತ್ತವೆ.

ಜಾಲರಿ ದತ್ತಾಂಶ (ಭೂಪಟದ ಚೌಕಕ್ಕೊಂದು ಅಂಕಿ) ಮತ್ತು ಉಪಗ್ರಹ ಆಧಾರಿತ ಮಳೆಯ ಅಂದಾಜುಗಳು ನೆರವಿಗೆ ಬರುತ್ತವೆ, ಆದರೆ ಅಳತೆಯ ಜಾಗದಲ್ಲಿ ಅವನ್ನು ಕೂರಿಸಬೇಡಿ. ಹವಾಮಾನ ಇಲಾಖೆಯು ಮಳೆಮಾಪಕಗಳಿಂದ ತಯಾರಿಸಿದ ದೈನಂದಿನ ಜಾಲರಿ ದತ್ತಾಂಶ 1901ರಿಂದ ಸಿಗುತ್ತದೆ, ಆದರೆ ಅದರ ಒಂದು ಚೌಕ ಕಾಲು ಡಿಗ್ರಿಯದು. ಚಿತ್ರದುರ್ಗದ ಅಕ್ಷಾಂಶದಲ್ಲಿ 700 ಚದರ ಕಿಲೋಮೀಟರಿಗೂ ಮಿಗಿಲು. ನಿಮ್ಮ 18 ಚದರ ಕಿಲೋಮೀಟರ್ ಅದರ ಒಂದು ಮೂಲೆ. ಚಿರ್ಪ್ಸ್ ಎಂಬ ಉಪಗ್ರಹ ಆಧಾರಿತ ದತ್ತಾಂಶ 1981ರಿಂದ, ಸುಮಾರು 5 ಕಿಲೋಮೀಟರ್ ಚೌಕಗಳಲ್ಲಿ ದೊರೆಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳ ಅಂಕಿಗಳನ್ನು ಕೇಳಿ ಪಡೆದು, ಈಚಿನ ವರ್ಷಗಳಲ್ಲಿ ಅವನ್ನು ಉಪಗ್ರಹದ ಅಂದಾಜಿನೊಡನೆ ಹೋಲಿಸಿ, ಆ ಅಂದಾಜು ಯಾವ ಬಗೆಯ ಮಳೆಯಲ್ಲಿ ಎಷ್ಟು ತಪ್ಪುತ್ತದೆ ಎಂದು ಮೊದಲು ಕಂಡುಕೊಳ್ಳಿ. ಆ ತಪ್ಪಿನ ಅಳತೆ ಕೈಯಲ್ಲಿದ್ದರೆ ಹಳೆಯ ಖಾಲಿ ತಿಂಗಳಿಗೆ ಒಂದೇ ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಅಂಕಿಗಳನ್ನು ಕೊಡಬಹುದು.

ಒಂದೇ ಅಂಕಿಯ ಮೇಲೆ ದೊಡ್ಡ ಯೋಜನೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಎತ್ತಿನಹೊಳೆಯ ಚರ್ಚೆಯನ್ನು ನೆನಪಿಸಿಕೊಳ್ಳಿ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವುಗಳಿಂದ 24.01 ಟಿಎಂಸಿ ನೀರು ಸಿಗುತ್ತದೆಂದು ಯೋಜನೆ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು 9.55 ಟಿಎಂಸಿ ಎಂದರು. ಜಲಾನಯನ ಸುಮಾರು 176 ಚದರ ಕಿಲೋಮೀಟರ್. 24.01 ಟಿಎಂಸಿಯನ್ನು ಅಷ್ಟು ಜಾಗದ ಮೇಲೆ ಹರಡಿದರೆ 3.86 ಮೀಟರ್ ಎತ್ತರ ನಿಲ್ಲುತ್ತದೆ, 9.55 ಟಿಎಂಸಿ 1.54 ಮೀಟರ್. ಘಟ್ಟ ಪ್ರದೇಶಕ್ಕೆಂದೇ ಇರುವ ಇಂಗ್ಲಿಸ್ ಮತ್ತು ಡಿಸೋಜಾ ಸೂತ್ರಕ್ಕೆ 4,000 ಮಿ.ಮೀ ವಾರ್ಷಿಕ ಮಳೆ ಕೊಟ್ಟರೆ ಸುಮಾರು 3,095 ಮಿ.ಮೀ ಹರಿವು, ಅಂದರೆ 19 ಟಿಎಂಸಿಯಷ್ಟು ಬರುತ್ತದೆ. 24ಕ್ಕೆ ಮುಟ್ಟಲು 4,900 ಮಿ.ಮೀ ಮಳೆ ಬೇಕು. ಯಾರ ಪರ ವಾದಿಸಲೂ ನಾನು ಇದನ್ನು ಹೇಳುತ್ತಿಲ್ಲ. ಆ ನಾಲ್ಕು ತೊರೆಗಳಲ್ಲಿ ಎಲ್ಲರೂ ಒಪ್ಪುವಂತಹ ಮೂವತ್ತು ವರ್ಷಗಳ ನೇರ ಅಳತೆ ಇದ್ದಿದ್ದರೆ, ಎರಡು ಅಂದಾಜುಗಳ ನಡುವೆ 14 ಟಿಎಂಸಿಯ ಕಂದಕ ಉಳಿಯುತ್ತಿರಲಿಲ್ಲ.

ಕೆರೆಯಂಗಳ:

ನಾನು ಇಂಜಿನಿಯರ್ ಅಲ್ಲ. ತುಮಕೂರು ಜಿಲ್ಲೆಯ ಒಂದು ಕೆರೆ ಬಳಕೆದಾರರ ಸಂಘದಲ್ಲಿ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದೆ. ನಿಮ್ಮ ಚರ್ಚೆಯಲ್ಲಿ ಕೆರೆಯನ್ನೇ ಯಾರೂ ಕೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಮ್ಮ ಊರಿಗೆ ಹೀಗೆಯೇ ಒಬ್ಬ ಅಧಿಕಾರಿಗಳು ಬಂದು, ಹಳೆಯ ದಾಖಲೆ ಏನೂ ಇಲ್ಲವೇ ಎಂದು ಕೇಳಿದ್ದರು. ಇಲ್ಲ ಎಂದೇ ನಾವೂ ಹೇಳಿದೆವು. ಆಮೇಲೆ ನಮ್ಮ ಹಿರಿಯ ನೀರುಗಂಟಿಯವರು ಒಂದು ಮಾತು ನೆನಪಿಸಿದರು: ಕೆರೆ ಕೋಡಿ ಬಿದ್ದ ವರ್ಷ ಗಂಗೆಪೂಜೆ ಮಾಡಿ ಬಾಗಿನ ಬಿಡುತ್ತೇವೆ, ಅದರ ಖರ್ಚನ್ನು ದೇವಸ್ಥಾನದ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೇವೆ. ಪುಸ್ತಕ ತೆಗೆದು ನೋಡಿದರೆ ಹೂವು, ಕಾಯಿ, ಅನ್ನಸಂತರ್ಪಣೆಯ ಅಕ್ಕಿ ಎಲ್ಲದರ ಲೆಕ್ಕವೂ ತಾರೀಖಿನ ಸಮೇತ ಇತ್ತು. ಇನ್ನೊಂದು ದಾಖಲೆ ಮೀನಿನ ಹರಾಜಿನದು. ಕೆರೆಯಲ್ಲಿ ನೀರು ನಿಲ್ಲದ ವರ್ಷ ಹರಾಜು ಕೂಗುವವರಿರಲಿಲ್ಲ. ಹರಾಜು ನಡೆಯದ ವರ್ಷಗಳ ಪಟ್ಟಿಯೇ ಬರಗಾಲದ ಪಟ್ಟಿಯಾಯಿತು.

ಹಿರಿಯರನ್ನು ಕೇಳುವಾಗ ತಿಂಗಳ ಹೆಸರು ಹಿಡಿದು ಕೇಳಬೇಡಿ, ಮಳೆಯ ನಕ್ಷತ್ರ ಹಿಡಿದು ಕೇಳಿ. ‘ಅಕ್ಟೋಬರಿನಲ್ಲಿ ಎಷ್ಟು ನೀರು ಬಂತು’ ಎಂದರೆ ಸುಮ್ಮನಿರುವವರು ‘ಚಿತ್ತೆ ಮಳೆಗೆ ಕೋಡಿ ಬಿತ್ತೇ, ಸ್ವಾತಿಗೆ ಬಿತ್ತೇ’ ಎಂದರೆ ತಟ್ಟನೆ ಹೇಳುತ್ತಾರೆ. ಚಿತ್ತೆ ಎಂದರೆ ಅಕ್ಟೋಬರ್ ಎರಡನೇ ವಾರದಿಂದ ಸುಮಾರು ಎರಡು ವಾರ. ನಿಮ್ಮ ಗೆದ್ದಲು ತಿಂದ ಪುಟದ ಅರ್ಧ ಭಾಗ ಅಲ್ಲೇ ಇದೆ. ಯಾವ ವರ್ಷ ಎಂಬುದನ್ನು ಮಾತ್ರ ಮದುವೆ, ಮಗುವಿನ ಹುಟ್ಟು, ಚುನಾವಣೆ ಇಂಥವುಗಳ ಜೊತೆ ಜೋಡಿಸಿ ಎರಡೆರಡು ಮನೆಗಳಲ್ಲಿ ವಿಚಾರಿಸಿಕೊಳ್ಳಬೇಕು, ಏಕೆಂದರೆ ವರ್ಷಗಳು ನೆನಪಿನಲ್ಲಿ ಜಾರುತ್ತವೆ.

ನಿಮ್ಮ ಜಿಲ್ಲೆಯಲ್ಲೇ ಮಾರಿಕಣಿವೆ ಇದೆ. 1907ರಲ್ಲಿ ಮುಗಿದ 30 ಟಿಎಂಸಿಯ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಕಟ್ಟಿದವರ ಲೆಕ್ಕ ತಪ್ಪೋ, ಮೇಲಿನ ಸೀಮೆಯಲ್ಲಿ ಆಮೇಲೆ ಎದ್ದ ಕಟ್ಟೆಗಳು ನೀರು ಹಿಡಿದವೋ ನಾನು ಹೇಳಲಾರೆ. ಆದರೆ 89 ವರ್ಷ ಎಂಬ ಅಂಕಿಯನ್ನು ಆ ಸೀಮೆಯಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ.

ಜಲಲೆಕ್ಕ:

ಬಾಗಿನದ ಪುಸ್ತಕವೂ ಮೀನಿನ ಹರಾಜಿನ ಪಟ್ಟಿಯೂ ಅಮೂಲ್ಯವಾದವು. ಇದು ನನಗೆ ಹೊಳೆದಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕೋಡಿ ಬಿತ್ತು ಎಂಬುದರಿಂದ ಆ ವರ್ಷ ಬಂದ ನೀರು ಕೆರೆಯ ಸಾಮರ್ಥ್ಯಕ್ಕೆ ಸಾಕಾಗಿ ಮಿಕ್ಕಿತು ಎಂದಷ್ಟೇ ತಿಳಿಯುತ್ತದೆ, ಎಷ್ಟು ಮಿಕ್ಕಿತು ಎಂದು ತಿಳಿಯುವುದಿಲ್ಲ. ಹಿಂದಿನ ವರ್ಷದ ನೀರು ಉಳಿದಿದ್ದರೆ ಸ್ವಲ್ಪ ಮಳೆಗೂ ಕೋಡಿ ಬೀಳುತ್ತದೆ. ಹೂಳು ತುಂಬಿದಂತೆಲ್ಲ ಸಾಮರ್ಥ್ಯ ಕುಗ್ಗುವುದರಿಂದ, ನಲವತ್ತು ವರ್ಷಗಳ ಹಿಂದಿನ ಕೋಡಿಯೂ ಮೊನ್ನೆಯ ಕೋಡಿಯೂ ಒಂದೇ ತೂಕದವಲ್ಲ. ತುಂಗಭದ್ರೆಯಂತಹ ದೊಡ್ಡ ಜಲಾಶಯದಲ್ಲೇ ಆರಂಭದ ಸುಮಾರು 133 ಟಿಎಂಸಿ ಸಾಮರ್ಥ್ಯ ಈಗ 105.79ಕ್ಕೆ ಇಳಿದಿದೆ. ಸಾಮರ್ಥ್ಯದ ಕೋಷ್ಟಕವೂ ಹಳತಾಗುವ ದಾಖಲೆಯೇ, ಅದನ್ನು ಹೊಸದಾಗಿ ಅಳೆಸದೆ ಉಳಿದ ಲೆಕ್ಕಕ್ಕೆ ಕೈ ಹಾಕಬೇಡಿ.

ಹಾಗಿದ್ದರೂ ಈ ಗಡಿಗಳು ಉಪಯೋಗಕ್ಕೆ ಬರುತ್ತವೆ. ನಿಮ್ಮ ಅಂದಾಜು ಕೋಡಿ ಬಿದ್ದ ವರ್ಷಗಳಲ್ಲಿ ಕೆರೆಯನ್ನು ತುಂಬಿಸದಿದ್ದರೆ, ಅಥವಾ ಹರಾಜು ನಡೆಯದ ವರ್ಷದಲ್ಲಿ ತುಂಬಿಸಿದರೆ, ಅಂದಾಜನ್ನು ತಿದ್ದಬೇಕು.

ವೇದಾವತಿ ಬಯಲು:

ಎಲ್ಲರಿಗೂ ಧನ್ಯವಾದಗಳು. ಸೋಮವಾರದ ಪರೀಕ್ಷೆ ಮಾಡಿದೆ. ಸರ್ ಹೇಳಿದಂತೆಯೇ ಹನ್ನೊಂದು ವರ್ಷಗಳ ಕಾಲ ಭಾನುವಾರ ನಮ್ಮ ಊರಿನಲ್ಲಿ ಮಳೆಯೇ ಬಿದ್ದಿಲ್ಲ. ಇನ್ನೊಂದು ಸಂಶಯ ಉಳಿದಿದೆ. ಮೂವತ್ತು ವರ್ಷಗಳ ಕೊರತೆಯನ್ನು ಒಂದು ಮಳೆಗಾಲದ ಅಳತೆಯಿಂದ ತುಂಬಿಸಲಾಗದು ಎಂದು ಗೊತ್ತು, ಆದರೂ ವರದಿ ಸಲ್ಲಿಸುವ ಮೊದಲು ಒಂದು ಮಳೆಗಾಲ ಸಿಗುತ್ತದೆ. ಹಳ್ಳದಲ್ಲಿ ಮಾಪನ ಕೇಂದ್ರ ಕಟ್ಟಲು ಹಣವಿಲ್ಲ. ಏನನ್ನಾದರೂ ಅಳೆಯಬಹುದೇ, ಅಳೆದರೆ ಪ್ರಯೋಜನವಿದೆಯೇ?

ಹಳೇ ಲೆವೆಲ್‌ಬುಕ್:

ಖಂಡಿತ ಇದೆ. ಕೆರೆಗಿಂತ ಒಳ್ಳೆಯ ಮಾಪಕವನ್ನು ನೀವು ಹಣ ಕೊಟ್ಟರೂ ಕಟ್ಟಿಸಲಾರಿರಿ. ತೂಬಿನ ಕಂಬದ ಮೇಲೆ ಕೋಡಿಯ ಮಟ್ಟಕ್ಕೆ ಹೊಂದಿಸಿ ಸೆಂಟಿಮೀಟರ್ ಅಳತೆಪಟ್ಟಿ ಬರೆಸಿ, ದಿನಕ್ಕೊಮ್ಮೆ ಓದಿಸಿ. ಮಟ್ಟದ ಏರಿಳಿತ ಮತ್ತು ಹೊಸ ಸಾಮರ್ಥ್ಯದ ಕೋಷ್ಟಕದಿಂದ ಸಂಗ್ರಹದ ಬದಲಾವಣೆ ಸಿಗುತ್ತದೆ. ಅದಕ್ಕೆ ತೂಬಿನಿಂದ ಬಿಟ್ಟ ನೀರು, ಆವಿಯಾದದ್ದು, ಇಂಗಿದ್ದು, ಕೋಡಿಯಲ್ಲಿ ಹರಿದದ್ದು ಇಷ್ಟನ್ನೂ ಕೂಡಿಸಿದರೆ ಒಳಬಂದ ನೀರು. ಮಳೆಯಿಲ್ಲದ, ತೂಬು ಮುಚ್ಚಿದ ವಾರದಲ್ಲಿ ಮಟ್ಟ ಎಷ್ಟು ಇಳಿಯುತ್ತದೆಂದು ನೋಡಿದರೆ ಆವಿ ಮತ್ತು ಇಂಗುವಿಕೆ ಎರಡೂ ಒಟ್ಟಿಗೆ ಸಿಕ್ಕಿಬಿಡುತ್ತವೆ. ಕೋಡಿಗೆ ಸಾದಾ ಸೂತ್ರ ಸಾಕು: ಅಗಲವಾದ ಕಲ್ಲಿನ ಕೋಡಿಯಾದರೆ 1.7ನ್ನು ಉದ್ದದಿಂದಲೂ ನೀರಿನ ಎತ್ತರದ ಒಂದೂವರೆ ಘಾತದಿಂದಲೂ ಗುಣಿಸಿ. 20 ಮೀಟರ್ ಕೋಡಿಯ ಮೇಲೆ 30 ಸೆಂ.ಮೀ ನೀರು ಹಾಯುತ್ತಿದ್ದರೆ ಸೆಕೆಂಡಿಗೆ ಸುಮಾರು 5.6 ಘನ ಮೀಟರ್. ಆರು ಗಂಟೆ ಹರಿದರೆ 1.2 ಲಕ್ಷ ಘನ ಮೀಟರ್. ಕೋಡಿ ಹರಿಯುವಾಗ ಮಾತ್ರ ಗಂಟೆಗೊಮ್ಮೆ ಓದಬೇಕು, ರಾತ್ರಿಯಾದರೂ ಸರಿ.

ಒಂದು ಮಳೆಗಾಲದ ಈ ಅಳತೆಯಿಂದ ಮೂವತ್ತು ವರ್ಷಗಳ ಸರಣಿ ಹುಟ್ಟುವುದಿಲ್ಲ, ಆದರೆ ಈಗ ಇರುವ ಹಳ್ಳ ಎಷ್ಟು ಮಿಲಿಮೀಟರ್ ಮಳೆಗೆ ಹರಿಯತೊಡಗುತ್ತದೆ ಎಂದು ತಿಳಿಯುತ್ತದೆ. ಜಲಲೆಕ್ಕ ಅವರು ಇಟ್ಟುಕೊಂಡ 75 ಎಂಬ ಕರ್ವ್ ನಂಬರ್ 65 ಆಗಬೇಕೋ 80 ಆಗಬೇಕೋ ಎಂಬುದನ್ನು ನಾಲ್ಕು ಮಳೆಗಳು ತೀರ್ಮಾನಿಸಿಬಿಡುತ್ತವೆ. ಸರಣಿ ಉದ್ದವಿದ್ದ ಮಾತ್ರಕ್ಕೆ ಜಗಳ ನಿಲ್ಲುತ್ತದೆ ಎಂದೂ ಭಾವಿಸಬೇಡಿ. ಕೃಷ್ಣಾ ಕಣಿವೆಯಲ್ಲಿ ಮೊದಲ ನ್ಯಾಯಮಂಡಳಿ 78 ವರ್ಷಗಳ ಸರಣಿಯಿಂದ ಶೇ 75ರ ಅವಲಂಬನೆಗೆ 2,060 ಟಿಎಂಸಿ ಎಂದಿತು. ಎರಡನೆಯದು 1961-62ರಿಂದ ಈಚಿನ 47 ವರ್ಷಗಳನ್ನು ಹಿಡಿದು ಅದೇ ಅವಲಂಬನೆಗೆ 2,173 ಎಂದಿತು.

ವರದಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ಅಂಕಣ ಬಿಡಿ: ಅಳೆದದ್ದು, ಅಂದಾಜಿಸಿದ್ದು, ಇಲ್ಲ. ಮೇಲಿನವರು ಆ ಅಂಕಣ ತೆಗೆಯಿರಿ ಎಂದರೆ, ಅದನ್ನು ಲಿಖಿತವಾಗಿ ಹೇಳಿ ಎಂದು ವಿನಯದಿಂದ ಕೇಳಿ. ನನ್ನ ಅನುಭವದಲ್ಲಿ ಯಾರೂ ಲಿಖಿತವಾಗಿ ಕೊಡಲಿಲ್ಲ.

ವೇದಾವತಿ ಬಯಲು:

ಸರ್, ಅಂಕಣ ಸೇರಿಸಿದ್ದೇನೆ. ಇಳುವರಿಯನ್ನೂ ಒಂದೇ ಅಂಕಿಯಾಗಿ ಕೊಡದೆ ಎರಡು ಅಂಕಿಗಳ ನಡುವೆ ಇಟ್ಟು, ಅಚ್ಚುಕಟ್ಟಿನ ಎಕರೆಗಳನ್ನು ಕೆಳಗಿನ ಅಂಕಿಗೆ ಕಟ್ಟಿದ್ದೇನೆ; ಕೋಡಿಯ ಸುರಕ್ಷತೆಯನ್ನು ಮೇಲಿನದಕ್ಕೆ ಕಟ್ಟಿದ್ದೇನೆ. ದೇವಸ್ಥಾನದ ಪುಸ್ತಕ ನಮ್ಮ ಊರಿನಲ್ಲೂ ಇದೆಯಂತೆ, ಅರ್ಚಕರು ಹಬ್ಬ ಕಳೆಯಲಿ ಎಂದಿದ್ದಾರೆ.

ನಿನ್ನೆ ತೂಬಿನ ಕಂಬಕ್ಕೆ ಅಳತೆಪಟ್ಟಿ ಬರೆಸಿದೆವು. ದಿನಾ ಓದಲು ನೀರುಗಂಟಿಯವರ ಮಗಳು ಒಪ್ಪಿಕೊಂಡಿದ್ದಾಳೆ, ಕಾಲೇಜಿಗೆ ಹೋಗುವ ದಾರಿ ಏರಿಯ ಮೇಲೇ ಇದೆ. ಕೆರೆಯಲ್ಲಿ ಈಗ ನೀರಿಲ್ಲ, ಏನು ಬರೆಯಲಿ ಎಂದು ಕೇಳಿದಳು. ಮೊದಲ ದಿನದ ಸಾಲಿನಲ್ಲಿ ತಾರೀಖು, ಬೆಳಿಗ್ಗೆ 8:30, ‘ನೋಡಿದೆ, ಒಣಗಿದೆ’ ಎಂದು ಬರೆಸಿದೆ.